ನಿಮ್ಮ ಹುಲ್ಲುಗಾವಲಿನ ಲೇಖನದ ಬಗ್ಗೆ

ಆತ್ಮೀಯರೇ,

ಬೇಸಾಯದಿಂದ ಹುಲ್ಲುಗಾವಲು ಹಾಳಾಗುತ್ತಿದೆ ಎಂಬ ನಿಮ್ಮ ಲೇಖನ ಓದಿದೆ. ಈಗಿರುವಂತೆ ಪ್ರಕಟಿಸಲು ಆಗುವುದಿಲ್ಲ. ಆದರೆ ಇದು ನಮ್ಮ ಜಿಲ್ಲೆಯಿಂದ ಬರಲೇಬೇಕಾದ ಬರಹ, ಅದಕ್ಕೇ ಬಿಡಿಸಿ ಹೇಳುತ್ತಿದ್ದೇನೆ.

ನೀವು ಮಧುಗಿರಿಯವರು. ಆದರೂ ಅರ್ಧ ಲೇಖನ ಅಮೆರಿಕದ ಪ್ರೇರಿ ಹುಲ್ಲುಗಾವಲಲ್ಲೇ ಮುಗಿದಿದೆ. ಮೈದನಹಳ್ಳಿಗೆ ಸಿಕ್ಕಿದ್ದು ಒಂದೇ ಸಾಲು. ಅಲ್ಲಿನ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ ಸುಮಾರು 798 ಎಕರೆ. ಸುತ್ತ ಹೊಲಗಳು. ಕೃಷ್ಣಮೃಗಗಳು ಮೇಯಲು ಹೊಲಕ್ಕೆ ಇಳಿದಾಗ ಬೆಳೆ ಕಳೆದುಕೊಳ್ಳುವವರು ಏನನ್ನುತ್ತಾರೆ? ನೀವು ಕೇಳಿಲ್ಲ. ಬದಲಿಗೆ ‘ದುರಾಸೆಯ ರೈತ’ ಎಂದು ಬರೆದಿದ್ದೀರಿ. ಓದಿ ಬೇಸರವಾಯಿತು. ಗೋಮಾಳ ಉತ್ತವರಲ್ಲಿ ಸ್ವಂತಕ್ಕೆ ತುಂಡು ನೆಲವೂ ಇಲ್ಲದವರಿದ್ದಾರೆ. ಬಗರ್ ಹುಕುಂ, ಅಂದರೆ ಅನುಮತಿಯಿಲ್ಲದೆ ಸರ್ಕಾರಿ ನೆಲದಲ್ಲಿ ಮಾಡಿದ ಸಾಗುವಳಿ, ಸಕ್ರಮ ಮಾಡಲು ನಮೂನೆ 50, 53, 57 ಅಂತ ಅರ್ಜಿ ಕರೆದದ್ದು ಸರ್ಕಾರವೇ. ಇದನ್ನು ಬಿಟ್ಟು ನಮ್ಮ ಕಡೆಯ ಹುಲ್ಲುಗಾವಲಿನ ಕಥೆ ಹೇಳಲು ಆಗುತ್ತಾ?

ಉಳುಮೆಯಿಂದ ಏನಾಗುತ್ತದೆ ಎನ್ನುವ ಭಾಗ ತೀರಾ ತೆಳು. ‘ಜೀವವೈವಿಧ್ಯ ನಾಶ’ ಅಂದರೆ ಓದುವವರ ಕಣ್ಣಿಗೆ ಏನೂ ಕಟ್ಟುವುದಿಲ್ಲ. ಕರಡದಂಥ ಹುಲ್ಲು ವರ್ಷ ವರ್ಷ ಅದೇ ಬುಡದಿಂದ ಚಿಗುರುತ್ತದೆ. ದನ ಮೇದರೂ, ಬೇಸಿಗೆಗೆ ಒಣಗಿದರೂ ಬೇರಲ್ಲಿ ಜೀವ ಇರುತ್ತದೆ. ಟ್ರ್ಯಾಕ್ಟರ್ ನೇಗಿಲು ಆ ಬುಡವನ್ನೇ ಕಿತ್ತು ಮಗುಚುತ್ತದೆ. ಆಮೇಲೆ ಹೊಲ ಬೀಳು ಬಿಟ್ಟರೂ ಹಳೇ ಹುಲ್ಲು ಬೇಗ ಮರಳುವುದಿಲ್ಲ, ಪಾರ್ಥೇನಿಯಂ ಕಳೆ ಎದ್ದು ಬರುತ್ತದೆ. ನೆಲಗುಬ್ಬಿ ಗೂಡು ಮಾಡುವುದು ನೆಲದ ಮೇಲೆ. ಉತ್ತ ಹೊಲದಲ್ಲಿ ಅದರ ಮೊಟ್ಟೆಗೆ ಮರೆ ಎಲ್ಲಿ? ಕುರಿಗಾಹಿಗಳಿಗೂ ಬೇಸಿಗೆಯ ಮೇವು ಹೋಯಿತು. ಇಷ್ಟು ಬರೆದರೆ ಸಾಕು, ‘ಘೋರ’, ‘ಭೀಕರ’ ಎಲ್ಲ ಬೇಡ.

ಉಳಿದ ಗೋಮಾಳದಲ್ಲಿ ಗಿಡ ನೆಡಬೇಕು ಎಂಬ ಕೊನೆಯ ಸಲಹೆಯನ್ನಂತೂ ದಯವಿಟ್ಟು ತೆಗೆಯಿರಿ. ನಮ್ಮ ಕಡೆ ಎಷ್ಟೋ ಹುಲ್ಲಿನ ನೆಲ ನೀಲಗಿರಿ ತೋಪಿಗೇ ಹೋಗಿದೆ. ಈ ಹುಲ್ಲಿಗೆ ಬಿಸಿಲು ಬೇಕು. ಕೃಷ್ಣಮೃಗಕ್ಕೂ ಬಯಲೇ ಬೇಕು. ದೂರದಿಂದಲೇ ಅಪಾಯ ಕಂಡು, ಓಡಿ ಜೀವ ಉಳಿಸಿಕೊಳ್ಳುವ ಪ್ರಾಣಿ ಅದು.

ನಿಮ್ಮ ತಾತ ಕುರಿ ಹೊಡೆದುಕೊಂಡು ಹೋಗುತ್ತಿದ್ದ ಜಾಗ ಕಡಲೆಕಾಯಿ ಹೊಲವಾದ ಪ್ಯಾರಾ ಮಾತ್ರ ತುಂಬಾ ಚೆನ್ನಾಗಿದೆ. ಅಲ್ಲಿಂದಲೇ ಶುರು ಮಾಡಿ. ಈಗ ಅದನ್ನು ಉಳುವವರ ಜೊತೆ ಕೂತು ಮಾತಾಡಿ. ತಾಲ್ಲೂಕು ಕಚೇರಿಯಲ್ಲಿ ಆ ಸರ್ವೆ ನಂಬರಿನ ಹಳೇ ಪಹಣಿ ತೆಗೆಸಿ ನೋಡಿ. ಸಾವಿರ ಪದದೊಳಗೆ ಬರೆದು ಮತ್ತೆ ನನಗೇ ಕಳಿಸಿ.