ಯಾದಗಿರಿಯ ಗ್ರಾನೈಟ್ ಗುಡ್ಡಗಳಲ್ಲಿ ವಿರಳ ಲೋಹಗಳು ಸಿಗಬಹುದೇ?

ಶಹಾಪುರದ ಬಳಿ ತಮ್ಮ ಊರಿನ ಕೆಂಪು ಗ್ರಾನೈಟ್ ಗುಡ್ಡದಲ್ಲಿ ವಿರಳ ಭೂಧಾತುಗಳು (ಸೀರಿಯಮ್ ಮತ್ತು ಅದರ ಬಳಗದ ಲೋಹಗಳು) ಇರಬಹುದೇ, ಇಂಥ ಲೋಹಗಳೆಲ್ಲ ಸೋಡಿಯಮ್, ಪೊಟ್ಯಾಸಿಯಮ್ ಹೆಚ್ಚಿರುವ ಕ್ಷಾರೀಯ ಅಗ್ನಿಶಿಲೆಗಳಲ್ಲೇ ಸೇರಿಕೊಳ್ಳುವುದೇಕೆ ಎಂದು ತಾವು ಕೇಳಿದ್ದೀರಿ. ಕಲಬುರಗಿಯಲ್ಲಿ ಭೂವಿಜ್ಞಾನ ಕಲಿಸುವ ನನ್ನ ಮುಂದೆ ಮೊದಲನೆಯ ಪ್ರಶ್ನೆ ಆಗಾಗ ಬರುತ್ತದೆ. ಎರಡನೆಯದನ್ನು ಕೇಳುವವರು ಕಡಿಮೆ. ಆದರೆ ಮೊದಲನೆಯದಕ್ಕೆ ಉತ್ತರವಿರುವುದು ಎರಡನೆಯದರಲ್ಲೇ.

ಲೋಹಗಳು ತಮ್ಮ ಗುಡ್ಡದಲ್ಲಿ ಖಂಡಿತ ಇವೆ, ಅದಿರು ಎನ್ನಬಹುದಾದ ಪ್ರಮಾಣದಲ್ಲಿ ಇರುವ ಸಂಭವ ಕಡಿಮೆ. ಭೂಮಿಯ ಚಿಪ್ಪಿನಲ್ಲಿ ಸೀರಿಯಮ್ ಹೆಚ್ಚುಕಡಿಮೆ ತಾಮ್ರದಷ್ಟೇ ಇದೆ, ಸೀಸಕ್ಕಿಂತಲೂ ಹೆಚ್ಚು. ಕೊರತೆಯಿರುವುದು ಅದನ್ನು ಒಂದೆಡೆ ಕೂಡಿಹಾಕುವ ಕ್ರಿಯೆಗೆ.

ಆ ಕ್ರಿಯೆ ಆರಂಭವಾಗುವುದು ಚಿಪ್ಪಿನ ಕೆಳಗಿನ ಮ್ಯಾಂಟಲ್‌ನಲ್ಲಿ. ಅಲ್ಲಿನ ಶಿಲೆ ಕರಗತೊಡಗಿದಾಗ, ಅಯಾನಿನ ಗಾತ್ರವೋ ವಿದ್ಯುದಂಶವೋ ಅತಿಯಾದ ಕಾರಣ ಅಲ್ಲಿನ ಮುಖ್ಯ ಖನಿಜಗಳಾದ ಆಲಿವಿನ್, ಪೈರಾಕ್ಸಿನ್‌ಗಳ ಹರಳುಜಾಲದಲ್ಲಿ ಕೂಡಲಾರದ ನಯೋಬಿಯಮ್, ಜಿರ್ಕೋನಿಯಮ್, ಥೋರಿಯಮ್ ಮತ್ತು ಹಗುರ ವಿರಳ ಭೂಧಾತುಗಳು ಮೊದಲ ಹನಿಗಳಲ್ಲೇ ದ್ರವಕ್ಕೆ ಇಳಿದುಬಿಡುತ್ತವೆ. ಶಿಲೆಯ ಶೇಕಡಾ ಒಂದೆರಡು ಭಾಗ ಮಾತ್ರ ಕರಗಿದರೆ ಈ ಧಾತುಗಳೆಲ್ಲ ಆ ಸ್ವಲ್ಪ ದ್ರವದಲ್ಲೇ ದಟ್ಟವಾಗಿರುತ್ತವೆ. ಕರಗುವಿಕೆ ಹೆಚ್ಚಿದಷ್ಟೂ ತೆಳುವಾಗುತ್ತವೆ. ಸೋಡಿಯಮ್, ಪೊಟ್ಯಾಸಿಯಮ್‌ಗಳ ಸ್ವಭಾವವೂ ಇದೇ ಆದ್ದರಿಂದ, ಶಿಲೆಯೊಂದು ಕ್ಷಾರೀಯವಾಗಿರುವುದೂ ಅದರಲ್ಲಿ ವಿರಳ ಲೋಹಗಳು ಹೆಚ್ಚಿರುವುದೂ ಬಹುಮಟ್ಟಿಗೆ ಒಂದೇ ಪ್ರಕ್ರಿಯೆಯ ಎರಡು ಗುರುತುಗಳು.

ಎರಡನೆಯ ಹಂತ ನನಗೆ ಇನ್ನೂ ಸ್ವಾರಸ್ಯಕರವೆನಿಸುತ್ತದೆ. ಸಾಮಾನ್ಯ ಗ್ರಾನೈಟಿನ ಶಿಲಾದ್ರವವು ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲಕ್ಷಕ್ಕೆ ಹತ್ತು ಭಾಗದ ಆಸುಪಾಸಿನಷ್ಟು ಜಿರ್ಕೋನಿಯಮ್ಮನ್ನು ಮಾತ್ರ ಹಿಡಿದಿಟ್ಟುಕೊಳ್ಳಬಲ್ಲದು. ಅದನ್ನು ಮೀರಿದ್ದೆಲ್ಲ ಬೇಗನೆ ಜಿರ್ಕಾನ್ ಎಂಬ ಖನಿಜದ ಹರಳುಗಳಾಗಿ ಇಡೀ ಬಂಡೆಯ ತುಂಬ ಚೆದುರಿಹೋಗುತ್ತದೆ. ಸೋಡಿಯಮ್ ಮತ್ತು ಪೊಟ್ಯಾಸಿಯಮ್ ಅಣುಪ್ರಮಾಣದಲ್ಲಿ ಅಲ್ಯೂಮಿನಿಯಮ್ಮನ್ನು ಮೀರಿದ ಅತಿಕ್ಷಾರೀಯ ದ್ರವದಲ್ಲಿ, ಪ್ರಯೋಗಾಲಯದ ಅಳತೆಗಳ ಪ್ರಕಾರ, ಶೇಕಡಾ ಒಂದಕ್ಕೂ ಹೆಚ್ಚು ಜಿರ್ಕೋನಿಯಮ್ ಕರಗಿಯೇ ಇರಬಲ್ಲದು. ಹಾಗಾಗಿ ಶಿಲೆಯ ಬಹುಭಾಗವಾಗುವ ಖನಿಜಗಳಾದ ಫೆಲ್ಡ್‌ಸ್ಪಾರ್, ನೆಫೆಲಿನ್‌ಗಳು ಹರಳುಗಟ್ಟುತ್ತ ಹೋದಂತೆ, ಸಕ್ಕರೆ ಹರಳಾದ ಮೇಲೆ ಉಳಿಯುವ ಕಾಕಂಬಿಯ ಹಾಗೆ, ಕೊನೆಯ ದ್ರವದಲ್ಲಿ ಲೋಹಗಳು ಸಾಂದ್ರವಾಗುತ್ತವೆ. ಫ್ಲೋರಿನ್ ಇದ್ದರೆ ದ್ರವ ಇನ್ನಷ್ಟು ಸರಾಗವಾಗಿ ಹರಿಯುವಂತಾಗಿ, ಕಡಿಮೆ ಉಷ್ಣತೆಯವರೆಗೂ ಗಟ್ಟಿಯಾಗದೆ ಉಳಿಯುತ್ತದೆ. ಕಡೆಗೆ ಜಿರ್ಕೋನಿಯಮ್ಮೂ ವಿರಳ ಭೂಧಾತುಗಳೂ ಇರುವ ಯೂಡಿಯಲೈಟ್‌ನಂಥ ಖನಿಜಗಳು ಪದರಪದರವಾಗಿ ನೆಲೆಗೊಳ್ಳುತ್ತವೆ. ರಷ್ಯಾದ ಕೋಲಾ ಪರ್ಯಾಯದ್ವೀಪದ ಲೊವೊಜೆರೊ ಮತ್ತು ದಕ್ಷಿಣ ಗ್ರೀನ್‌ಲ್ಯಾಂಡಿನ ಇಲಿಮೌಸ್ಸಾಕ್ ಇದಕ್ಕೆ ಪ್ರಸಿದ್ಧ ನಿದರ್ಶನಗಳು. ಲೊವೊಜೆರೊದಲ್ಲಿ ಲೊಪಾರೈಟ್ ಎಂಬ ಖನಿಜವನ್ನು ನಯೋಬಿಯಮ್, ಟ್ಯಾಂಟಲಮ್ ಮತ್ತು ವಿರಳ ಭೂಧಾತುಗಳಿಗಾಗಿ ದಶಕಗಳಿಂದ ತೆಗೆಯುತ್ತಿದ್ದಾರೆ.

ಈಗ ನಮ್ಮ ನೆಲಕ್ಕೆ ಬರೋಣ. ಬೀದರ್ ಜಿಲ್ಲೆಯನ್ನೂ ಕಲಬುರಗಿಯ ಉತ್ತರ ಭಾಗವನ್ನೂ ಹೊದೆದಿರುವ ದಖ್ಖನಿನ ಕಪ್ಪು ಶಿಲೆ, ಅಂದರೆ ಬಸಾಲ್ಟ್, ಬಹುಪಾಲು ಮ್ಯಾಂಟಲ್ ಹೆಚ್ಚು ಕರಗಿ ಹುಟ್ಟಿದ್ದು, ಆದ್ದರಿಂದ ಈ ಲೋಹಗಳು ಅದರಲ್ಲಿ ತೆಳುವಾಗಿವೆ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದಿನ ಅದೇ ಜ್ವಾಲಾಮುಖಿ ಯುಗದಲ್ಲಿ ಗುಜರಾತಿನ ಅಂಬಾ ಡೋಂಗರ್‌ನಲ್ಲಿ ಕಾರ್ಬೊನೇಟ್ ಶಿಲಾದ್ರವ ಮೇಲೆದ್ದು ಕಾರ್ಬೊನಟೈಟ್ ಆಯಿತು. ಅಲ್ಲಿ ಫ್ಲೋರೈಟೂ ವಿರಳ ಭೂಧಾತುಗಳೂ ಇವೆ. ಬೀದರಿನ ಜಂಬಿಟ್ಟಿಗೆಯ ಬಗ್ಗೆಯೂ ಕೆಲವರು ಆಸೆಯಿಂದ ಕೇಳುತ್ತಾರೆ. ಬ್ರೆಜಿಲಿನ ಅರಾಶಾದಲ್ಲಿ ಮಳೆಬಿಸಿಲಿಗೆ ಕೊಳೆತ ಮಣ್ಣಿನಲ್ಲೇ ಜಗತ್ತಿನ ಬಹುಪಾಲು ನಯೋಬಿಯಮ್ ಸಿಗುವುದು ನಿಜ, ಆದರೆ ಅಲ್ಲಿ ಕೊಳೆತದ್ದು ಕಾರ್ಬೊನಟೈಟ್. ಬೀದರಿನಲ್ಲಿ ಕೊಳೆತದ್ದು ಬಸಾಲ್ಟ್, ಹಾಗಾಗಿ ಉಳಿದದ್ದು ಕಬ್ಬಿಣ ಮತ್ತು ಅಲ್ಯೂಮಿನಿಯಮ್.

ಯಾದಗಿರಿಯ ಗ್ರಾನೈಟುಗಳು ಸುಮಾರು 250 ಕೋಟಿ ವರ್ಷ ಹಳೆಯವು, ಬಹುತೇಕ ಕ್ಷಾರೀಯವಲ್ಲದವು. ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಮ್ ಇದೆಯಲ್ಲ ಎಂದು ತಾವು ಕೇಳಬಹುದು. ಆದರೆ ಅದು ಸ್ತರಭಂಗದ ಗುಂಟ ಹರಿದ ಬಿಸಿ ದ್ರಾವಣಗಳು ಭೀಮಾ ಸುಣ್ಣಕಲ್ಲಿನಲ್ಲೂ ಅದರಡಿಯ ಗ್ರಾನೈಟಿನಲ್ಲೂ ಬಿಟ್ಟುಹೋದ ನಿಕ್ಷೇಪ. ಕ್ಷಾರೀಯ ಶಿಲೆಗೂ ಅದಕ್ಕೂ ಸಂಬಂಧವಿಲ್ಲ. ಪರಮಾಣು ಖನಿಜ ನಿರ್ದೇಶನಾಲಯವು ಮಂಡ್ಯ ಜಿಲ್ಲೆಯ ಮಾರ್ಲಗಲ್ಲದಲ್ಲಿ 1,600 ಟನ್ ಎಂದು ಅಂದಾಜಿಸಿರುವ ಲಿಥಿಯಮ್ ಕೂಡ ದೊಡ್ಡ ಹರಳುಗಳ ಶಿಲೆಯಾದ ಪೆಗ್ಮಟೈಟ್‌ನದು, ಅದರ ವಂಶವೇ ಬೇರೆ. ಯಾದಗಿರಿಯ ಗಡಿಯಾಚೆಯ ನಾರಾಯಣಪೇಟೆ ಸೀಮೆಯ ಕಿಂಬರ್ಲೈಟ್ ಎಂಬ ಶಿಲೆಗಳು ಮಾತ್ರ ಮ್ಯಾಂಟಲಿನ ಅತ್ಯಲ್ಪ ಕರಗುವಿಕೆಯಿಂದ ಹುಟ್ಟಿದವು, ಆದರೆ ಅವುಗಳಲ್ಲಿ ಜನ ಹುಡುಕುವುದು ವಜ್ರವನ್ನು.

ತಾವೇ ನೋಡಬೇಕೆಂದಿದ್ದರೆ, ಬಣ್ಣವನ್ನು ನಂಬಬೇಡಿ. ಸಾಮಾನ್ಯ ಪೊಟ್ಯಾಶ್ ಫೆಲ್ಡ್‌ಸ್ಪಾರೂ ಕೆಂಪಗಿರುತ್ತದೆ. ಗಾಜಿನಂಥ ಕ್ವಾರ್ಟ್ಜ್ ಇಲ್ಲದಿರುವುದು, ಹಸಿರು-ಕಪ್ಪು ಸೂಜಿಗಳಂಥ ಎಜಿರಿನ್ ಅಥವಾ ನೀಲಿಗಪ್ಪು ಆಂಫಿಬೋಲ್ ಎಂಬ ಖನಿಜಗಳಿರುವುದು ಕ್ಷಾರೀಯ ಶಿಲೆಯ ಸುಳಿವುಗಳು. ಆದರೆ ಕ್ವಾರ್ಟ್ಜ್ ಕಂಡ ಮಾತ್ರಕ್ಕೆ ಕಲ್ಲನ್ನು ಎಸೆಯಬಾರದು, ಏಕೆಂದರೆ ರಾಜಸ್ಥಾನದ ಸಿವಾನಾದ ಅತಿಕ್ಷಾರೀಯ ಗ್ರಾನೈಟಿನಲ್ಲಿ ಕ್ವಾರ್ಟ್ಜೂ ಇದೆ, ವಿರಳ ಭೂಧಾತುಗಳೂ ಇವೆ. ರಾಸಾಯನಿಕ ವಿಶ್ಲೇಷಣೆಗೆ ಹಣ ಸುರಿಯುವ ಮೊದಲು ಕಲ್ಲಿನ ತೆಳುಫಲಕ (ಬೆಳಕು ಹಾಯುವಷ್ಟು ತೆಳುವಾಗಿ ಅರೆದ ಚೂರು) ಮಾಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿಸುವುದು ಒಳ್ಳೆಯದು. ಲೋಹ ಎಷ್ಟಿದೆ ಎಂಬುದಕ್ಕಿಂತ ಯಾವ ಖನಿಜದಲ್ಲಿದೆ ಎಂಬುದೇ ಇಲ್ಲಿ ಮುಖ್ಯ: ಯೂಡಿಯಲೈಟನ್ನು ಆಮ್ಲದಲ್ಲಿ ಕರಗಿಸಿದರೆ ಸಿಲಿಕಾ ಅಂಟುಅಂಟಾಗಿ ಕಟ್ಟಿಕೊಂಡು ಬೇರ್ಪಡಿಸುವ ಕೆಲಸವೇ ನಿಲ್ಲುತ್ತದೆ. ಜೊತೆಗೆ ಬರುವ ವಿಕಿರಣಶೀಲ ಥೋರಿಯಮ್, ಯುರೇನಿಯಮ್‌ಗಳದು ಇನ್ನೊಂದು ತೊಡಕು. ಇಲಿಮೌಸ್ಸಾಕ್‌ನ ಕ್ವಾನೆಫ್ಯೆಲ್ಡ್ ಗಣಿ ಯೋಜನೆ ಮುಂದೆ ಸಾಗದಂತಾದದ್ದು 2021ರಲ್ಲಿ ಗ್ರೀನ್‌ಲ್ಯಾಂಡ್ ಯುರೇನಿಯಮ್ ಗಣಿಗಾರಿಕೆಯನ್ನು ನಿರ್ಬಂಧಿಸಿದ ಮೇಲೆಯೇ.