46 ಹಲ್ಲಿನ ಚೈನ್‌ವೀಲ್ ಫ್ರೇಮ್‌ಗೆ ಉಜ್ಜುತ್ತಿದ್ದರೆ ಪೈಪನ್ನು ಸುತ್ತಿಗೆಯಿಂದ ಬಡಿದು ತಗ್ಗಿಸಬೇಕೇ?

ಬೇಡ. ಮೆಕ್ಯಾನಿಕ್ ಸುತ್ತಿಗೆ ಹಿಡಿದು ರೆಡಿಯಾಗಿದ್ದರೂ ಬೇಡ.

ನೀವು ಕೇಳಿದ್ದು ಇಷ್ಟು ಅಲ್ವಾ: ಹಳೆಯ ಸ್ಟೀಲ್ ಗೇರ್ ಸೈಕಲ್ಲನ್ನು ಸಿಂಗಲ್ ಸ್ಪೀಡ್, ಅಂದರೆ ಒಂದೇ ಗೇರಿನದು, ಮಾಡುತ್ತಿದ್ದೀರಿ. ಹಿಂದಿನ 6 ಗೇರಿನ ಫ್ರೀವೀಲ್ (ಹಿಂದಿನ ಹಲ್ಲುಚಕ್ರಗಳ ಗುಂಪು) ಬಿಚ್ಚಿ, ಅದೇ ಹಬ್‌ಗೆ (ಗಾಲಿಯ ನಡುಭಾಗ) 18 ಹಲ್ಲಿನ ಒಂಟಿ ಫ್ರೀವೀಲ್ ಹಾಕಿದ್ದೀರಿ. ಮುಂದೆ 46 ಹಲ್ಲಿನ ಚೈನ್‌ವೀಲನ್ನು (ಪೆಡಲ್ ಬಳಿಯ ಹಲ್ಲುಚಕ್ರ) ಕ್ರ್ಯಾಂಕಿನ, ಅಂದರೆ ಪೆಡಲ್ ತೋಳಿನ, ಒಳಬದಿಗೆ ಕೂರಿಸಿದ್ದೀರಿ. ಚೈನು ನೇರವಾಗಿದೆ, ಪುಣೆಯಿಂದ ಖಡಕ್‌ವಾಸ್ಲಾ ತನಕ ಸದ್ದಿಲ್ಲ, ಕಾತ್ರಜ್ ಹಳೆ ಘಾಟಿನಲ್ಲಿ ಎದ್ದು ತುಳಿದರೆ ಚೈನ್‌ವೀಲು ಚೈನ್‌ಸ್ಟೇಗೆ (ಪೆಡಲ್ ಬಳಿಯಿಂದ ಹಿಂದಿನ ಗಾಲಿಗೆ ಹೋಗುವ ಫ್ರೇಮಿನ ಪೈಪು) ಕರಕರ ಉಜ್ಜುತ್ತದೆ. ಆ ಪೈಪನ್ನು ಸ್ವಲ್ಪ ಒಳಕ್ಕೆ ತಗ್ಗಿಸಿದರೆ ಸಾಕು ಅಂತ ಮೆಕ್ಯಾನಿಕ್ ಹೇಳಿದ್ದಾರೆ.

ತೊಂದರೆ ಇರುವುದು ಹಿಂದೆ. ಮುಂದೆ ಅದು ಕಾಣಿಸಿಕೊಂಡಿದೆ ಅಷ್ಟೇ. 6 ಗೇರಿನ ಹಬ್‌ನಲ್ಲಿ ಬಲಗಡೆ ಅಷ್ಟೂ ಹಲ್ಲುಚಕ್ರಗಳಿಗೆ ಜಾಗ ಬಿಟ್ಟಿರುತ್ತಾರೆ. ಒಂಟಿ ಫ್ರೀವೀಲ್ ಆ ಜಾಗದ ಒಳತುದಿಗೆ ಹೋಗಿ ಕೂರುತ್ತದೆ. ನಿಮ್ಮದು 126 ಮಿ.ಮೀ. ಹಬ್, ಅರ್ಧ 63. ಬಲಗಡೆಯ ಲಾಕ್‌ನಟ್‌ನ (ಫ್ರೇಮಿಗೆ ಒತ್ತಿ ಕೂರುವ ನಟ್) ಹೊರಮೈಯಿಂದ ಹಲ್ಲಿನ ಮಧ್ಯಕ್ಕೆ 25 ಅಂತ ಬರೆದಿದ್ದೀರಿ. ಅಂದರೆ ಹಿಂದಿನ ಚೈನ್‌ಲೈನ್, ಅಂದರೆ ಸೈಕಲ್ಲಿನ ನಡುಗೆರೆಯಿಂದ ಹಲ್ಲಿಗಿರುವ ದೂರ, 38. ಇದಕ್ಕೆ ಹೊಂದಿಸೋಣ ಅಂತ ಮುಂದಿನದ್ದನ್ನೂ ಒಳಕ್ಕೆ ಎಳೆದಿರಿ. ಆದರೆ ಆ ಒಳಜಾಗ ಇರುವುದೇ 39, 42 ಹಲ್ಲಿನ ಸಣ್ಣ ಚಕ್ರಕ್ಕೆ. ಒಂದೊಂದು ಹಲ್ಲು ಜಾಸ್ತಿಯಾದರೂ ಚೈನ್‌ವೀಲಿನ ರೇಡಿಯಸ್ ಸುಮಾರು 2 ಮಿ.ಮೀ. ಬೆಳೆಯುತ್ತದೆ. 42ರಿಂದ 46ಕ್ಕೆ ಹೋದರೆ 8 ಮಿ.ಮೀ. ಹಿಂದಕ್ಕೆ ಹೋದಷ್ಟೂ ಚೈನ್‌ಸ್ಟೇ ಹೊರಕ್ಕೆ ಅಗಲವಾಗುತ್ತದೆ. ತಾಗದೆ ಇನ್ನೇನು?

ಹಾಗಾಗಿ ಚೈನ್‌ವೀಲನ್ನು ಹೊರಬದಿಗೆ ಹಾಕಿ, ಹಿಂದಿನದನ್ನು ಹೊರಕ್ಕೆ ತನ್ನಿ. ಎರಡು ಚೈನ್‌ವೀಲಿನ ರೋಡ್ ಕ್ರ್ಯಾಂಕಿನಲ್ಲಿ ಹೊರಜಾಗದ ಲೈನ್ ಸಾಮಾನ್ಯವಾಗಿ 47ರ ಆಸುಪಾಸು. ನಿಮ್ಮದನ್ನು ಅಳೆದೇ ನೋಡಿ: ಸೀಟ್ ಟ್ಯೂಬ್ (ಸೀಟಿನ ಕೆಳಗಿನ ಪೈಪು) 28.6 ಮಿ.ಮೀ. ಇದ್ದರೆ ಅರ್ಧ 14.3, ಅದಕ್ಕೆ ಟ್ಯೂಬಿನ ಬಲಮೈಯಿಂದ ಹಲ್ಲಿನ ಮಧ್ಯದವರೆಗಿನ ದೂರ ಕೂಡಿಸಿ.

ಹಿಂದೆ ಹೊಸ ಹಬ್ ಬೇಕಿಲ್ಲ. ಆಕ್ಸಲ್ ಬಿಚ್ಚಿ, ಬಲಗಡೆಯ ಕೋನಿಗೂ (ಬೇರಿಂಗನ್ನು ಹಿಡಿಯುವ ನಟ್) ಲಾಕ್‌ನಟ್ಟಿಗೂ ನಡುವೆ ಇರುವ ಸ್ಪೇಸರುಗಳಲ್ಲಿ 8 ಮಿ.ಮೀ.ನಷ್ಟನ್ನು ಎಡಗಡೆಗೆ ಹಾಕಿ. ಆಕ್ಸಲ್ ಎರಡೂ ಕಡೆ ಸಮನಾಗಿ ಹೊರಗೆ ಬರುವಂತೆ ಸರಿಸಿಕೊಳ್ಳಿ. ಒಟ್ಟು ಅಗಲ 126 ಹಾಗೇ ಉಳಿಯುತ್ತದೆ, ಲೈನ್ 46 ಆಗುತ್ತದೆ. ಮುಂದೆ ಹಿಂದೆ 1–2 ಮಿ.ಮೀ. ವ್ಯತ್ಯಾಸ ಇದ್ದರೆ ಪರವಾಗಿಲ್ಲ. ಈಗ ರಿಮ್ ಬಲಕ್ಕೆ ಸರಿದಿರುತ್ತದೆ. ಬಲಗಡೆಯ ಕಡ್ಡಿ ಸಡಿಲಿಸಿ, ಎಡಗಡೆಯದ್ದು ಬಿಗಿ ಮಾಡಿ ನಡುವಿಗೆ ತರಬೇಕು. ಪುಣೆಯಲ್ಲಿ ಗಾಲಿ ಔಟ್ ತೆಗೆಯುವ ಯಾರಾದರೂ ಇದನ್ನು ಮಾಡುತ್ತಾರೆ. ಸುತ್ತಿಗೆಯವರನ್ನು ಬಿಟ್ಟು ಬೇರೆಯವರನ್ನು ಹಿಡಿಯಿರಿ. ಕಡ್ಡಿಯ ತುದಿ ನಿಪ್ಪಲ್ (ಕಡ್ಡಿಯನ್ನು ರಿಮ್ಮಿಗೆ ಹಿಡಿಯುವ ನಟ್) ದಾಟಿ ಟ್ಯೂಬಿಗೆ ಚುಚ್ಚದಂತೆ ನೋಡಿಕೊಳ್ಳಲು ಹೇಳಿ. ಲಾಭವೂ ಇದೆ: ಎರಡೂ ಬದಿಯ ಕಡ್ಡಿಗಳ ಬಿಗಿ ಹತ್ತಿರ ಹತ್ತಿರ ಬರುವುದರಿಂದ ಗಾಲಿ ಮೊದಲಿಗಿಂತ ಗಟ್ಟಿಯಾಗುತ್ತದೆ.

ಹೊರಬದಿಗೆ ಹಾಕಿದ ಮೇಲೆ ಚೈನ್‌ವೀಲಿಗೂ ಪೈಪಿಗೂ ನಡುವೆ 3 ಮಿ.ಮೀ. ಅಲೆನ್ ಕೀ ತೂರಿಸಿ, ಪೆಡಲನ್ನು ಪೂರ್ತಿ ಒಂದು ಸುತ್ತು ತಿರುಗಿಸಿ. ಎಲ್ಲೂ ಸಿಕ್ಕಿಕೊಳ್ಳಬಾರದು. ಚೈನ್‌ವೀಲ್ ಸ್ವಲ್ಪ ಸೊಟ್ಟಗಿದ್ದರೆ ಒಂದೇ ಜಾಗದಲ್ಲಿ ಸಿಕ್ಕಿಕೊಳ್ಳುತ್ತದೆ. ನಿಂತ ಸೈಕಲ್ಲಿನಲ್ಲಿ ಅಷ್ಟು ಸಂದು ಇಲ್ಲದಿದ್ದರೆ ಘಾಟ್ ಹತ್ತುವಾಗ ಫ್ರೇಮು, ಆಕ್ಸಲ್ ಎರಡೂ ಬಾಗಿ ಮತ್ತೆ ಉಜ್ಜುವುದೇ. ಒಂದೇ ಚಕ್ರಕ್ಕೆ ಗಿಡ್ಡ ಚೈನ್‌ವೀಲ್ ಬೋಲ್ಟ್ ಬೇಕು, ಇಲ್ಲವೇ ವಾಷರ್. ಹಳೆಯ ಉದ್ದದ ಬೋಲ್ಟ್ ಪೂರ್ತಿ ಬಿಗಿಯಾಗುವುದಿಲ್ಲ.

ಬಿಬಿ (ಬಾಟಮ್ ಬ್ರಾಕೆಟ್, ಕ್ರ್ಯಾಂಕ್ ತಿರುಗುವ ಬೇರಿಂಗ್) ಆಕ್ಸಲ್ ಬದಲಾಯಿಸಿ ಅಂತ ಕೆಲವರು ಹೇಳಬಹುದು. ಅದಕ್ಕೆ ಕೊನೆಗೆ ಹೋಗಿ. 113 ಮಿ.ಮೀ. ಬದಲು 118 ಹಾಕಿದರೆ ಬಲಗಡೆ ಸಿಗುವುದು ಸುಮಾರು 2.5 ಮಿ.ಮೀ. ಮಾತ್ರ. ಬಿಚ್ಚಲೇಬೇಕಾದರೆ, ಬಿಎಸ್‌ಎ ಎಂಬ ಮಾದರಿಯ ತ್ರೆಡ್‌ನಲ್ಲಿ ಬಲಗಡೆಯ ಕಪ್ಪನ್ನು ಉಲ್ಟಾ ತಿರುಗಿಸಿ ಬಿಚ್ಚಬೇಕು. ಇದು ಗೊತ್ತಿಲ್ಲದೆ ಉದ್ದದ ಸ್ಪ್ಯಾನರ್ ಹಾಕಿ ಇನ್ನಷ್ಟು ಬಿಗಿ ಮಾಡಿದವರು ಬಹಳ ಜನ.

ಇಷ್ಟೆಲ್ಲ ಬೇಡ, ಹಾಗೇ ಓಡಿಸಬೇಕು ಅಂದರೆ ಒಳಬದಿಯಲ್ಲೇ 42, ಹಿಂದೆ 16 ಹಾಕಿ. 46/18 ಅಂದರೆ 2.56, 42/16 ಅಂದರೆ 2.63. ಕಾತ್ರಜ್‌ನಲ್ಲಿ ಮಾತ್ರ ತೊಡೆಗೆ ಸ್ವಲ್ಪ ಗೊತ್ತಾಗುತ್ತದೆ. ಮುಂದೆ ಒಳಬದಿಯ ಚೈನ್‌ಲೈನ್ ಸುಮಾರು 40 ಮಿ.ಮೀ., ಹಿಂದಿನ ನಿಮ್ಮದು 38, ಹೊಂದಿಕೆ ಆಗಲೇ ಇದೆ, ಕಡ್ಡಿ ಮುಟ್ಟುವ ಕೆಲಸವೇ ಇಲ್ಲ. ಅಲೆನ್ ಕೀ ಪರೀಕ್ಷೆ ಇಲ್ಲೂ ಮಾಡಿ. ಎರಡು ಲಿಂಕ್ ಕಡಿಮೆ ಮಾಡಬೇಕಾಗಬಹುದು. ಆದ್ದರಿಂದ ಯಾವ ದಾರಿ ಅಂತ ತೀರ್ಮಾನ ಆಗುವವರೆಗೆ ಹೊಸ ಚೈನ್ ಕತ್ತರಿಸಬೇಡಿ.