ಪೆಟ್ಟಿಗೆಯ ಕೀಲಿ ಯಾರ ಕೈಯಲ್ಲಿ? ಓದುಗರ ಪ್ರಶ್ನೆ, ನಮ್ಮ ಉತ್ತರ

ಬ್ಲಾಕ್‌ಚೈನ್ ಎಂದರೆ ಹಲವು ಕಂಪ್ಯೂಟರ್‌ಗಳು ಹಂಚಿಕೊಂಡ ಲೆಕ್ಕದ ಪುಸ್ತಕ. ಅದರ ಮೇಲೆ ಸದಸ್ಯರೇ ಮತ ಹಾಕಿ ನಡೆಸುವ ಯೋಜನೆಗೆ ಡಾವೊ ಎನ್ನುತ್ತಾರೆ. ಮತದ ಹಕ್ಕು ಟೋಕನ್ ಎಂಬ ಡಿಜಿಟಲ್ ಚೀಟಿಯಲ್ಲಿ, ಚೀಟಿ ಇರುವುದು ವಾಲೆಟ್ ಎಂಬ ಡಿಜಿಟಲ್ ಪರ್ಸಿನಲ್ಲಿ. ಈ ಬಗ್ಗೆ ಕರಾವಳಿಯಿಂದ ಬಂದ ಪ್ರಶ್ನೆಗಳಲ್ಲಿ ಐದನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

ಹಳೆಯ ಯಕ್ಷಗಾನ ಕ್ಯಾಸೆಟ್‌ಗಳನ್ನು ಡಿಜಿಟಲ್ ಮಾಡಲು ನಾವು ಏಳೆಂಟು ಮಂದಿ ನಿಧಿ ಕಟ್ಟುತ್ತಿದ್ದೇವೆ. ಖರ್ಚನ್ನು ಟೋಕನ್ ಇದ್ದವರು ಮತ ಹಾಕಿ ತೀರ್ಮಾನಿಸಬೇಕು. ಕೋಡ್ ತಯಾರುಂಟು. ಶುರು ಮಾಡುವಾಗ ಎಲ್ಲಿ ಎಡವುತ್ತಾರೆ? – ಮಣಿಪಾಲದ ಓದುಗರು

ಹೆಚ್ಚಾಗಿ ಜೋಡಣೆಯಲ್ಲಿ. ಇದರಲ್ಲಿ ಮೂರು ಭಾಗ: ಟೋಕನ್, ಮತ ಎಣಿಸುವ ಗವರ್ನರ್, ಪಾಸಾದ ತೀರ್ಮಾನವನ್ನು ಎರಡು ದಿನವಾದರೂ ತಡೆದಿಟ್ಟು ಆಮೇಲೆ ಜಾರಿ ಮಾಡುವ ಟೈಮ್‌ಲಾಕ್. ನಿಧಿ ಇರಬೇಕಾದದ್ದು ಟೈಮ್‌ಲಾಕ್‌ನಲ್ಲಿ. ಹಲವರು ಗವರ್ನರ್ ವಿಳಾಸಕ್ಕೆ ಹಣ ಕಳಿಸಿ ತಲೆ ಕೆರೆದುಕೊಳ್ಳುತ್ತಾರೆ.

ಮೊದಲು ಟೋಕನ್, ಆಮೇಲೆ ಟೈಮ್‌ಲಾಕ್, ಕೊನೆಗೆ ಗವರ್ನರ್, ಹೀಗೆ ಕೋಡನ್ನು ಬ್ಲಾಕ್‌ಚೈನ್‌ಗೆ ಏರಿಸಿ. ಬಳಿಕ ಟೈಮ್‌ಲಾಕ್‌ನಲ್ಲಿ ಪ್ರಸ್ತಾವ ಸಲ್ಲಿಸುವ ಹಕ್ಕನ್ನು ಗವರ್ನರ್‌ಗೆ ಕೊಡಿ. ಅದು ಸರಿಯಾಗಿ ಕೂತಿದೆ ಎಂದು ಖಾತ್ರಿಯಾದ ಮೇಲಷ್ಟೇ ನಿಮ್ಮ ವಾಲೆಟ್‌ಗಿರುವ ಅಡ್ಮಿನ್ ಹಕ್ಕನ್ನು ಬಿಟ್ಟುಕೊಡಿ. ಈ ಕ್ರಮ ತಿರುವುಮುರುವಾದರೆ ಪೆಟ್ಟಿಗೆಗೆ ಬೀಗ ಬಿತ್ತು, ಕೀಲಿ ಒಳಗೇ ಉಳಿಯಿತು. ಬಿಟ್ಟುಕೊಡುವುದನ್ನೇ ಮರೆತರೆ ಮತದಾನವೆಲ್ಲ ಬರೀ ವೇಷ, ಏಕೆಂದರೆ ಹಕ್ಕುಗಳನ್ನು ಯಾವತ್ತು ಬೇಕಾದರೂ ಬದಲಿಸಲು ಒಂದು ವಾಲೆಟ್ ಸಾಕು.

ಎಡವುವ ಇನ್ನೊಂದು ಜಾಗ ಸಮಯದ ಲೆಕ್ಕ. ಗವರ್ನರ್ ಕೋಡ್ ಸಾಮಾನ್ಯವಾಗಿ ಅವಧಿಯನ್ನು ಬ್ಲಾಕ್‌ಗಳಲ್ಲಿ, ಅಂದರೆ ಚೈನಿಗೆ ಒಂದರ ಹಿಂದೊಂದು ಸೇರುವ ವಹಿವಾಟಿನ ಕಂತೆಗಳಲ್ಲಿ, ಅಳೆಯುತ್ತದೆ. ಇಥೀರಿಯಮ್ ಎಂಬ ಬ್ಲಾಕ್‌ಚೈನ್‌ನಲ್ಲಿ 12 ಸೆಕೆಂಡಿಗೆ ಒಂದು ಬ್ಲಾಕ್, ಅಂದರೆ ದಿನಕ್ಕೆ 7,200, ವಾರಕ್ಕೆ 50,400. ಅದೇ ಅಂಕಿಗಳನ್ನು 2 ಸೆಕೆಂಡಿನ ಚೈನಿಗೆ ನಕಲು ಮಾಡಿದರೆ ಮತದಾನಕ್ಕೆ ಮುಂಚಿನ ಒಂದು ದಿನದ ಕಾಯುವಿಕೆ 4 ಗಂಟೆಯಾಗುತ್ತದೆ, ವಾರದ ಮತದಾನ 28 ಗಂಟೆಯಾಗುತ್ತದೆ. ಶುಕ್ರವಾರ ರಾತ್ರಿ 9ಕ್ಕೆ ಹಾಕಿದ ಪ್ರಸ್ತಾವ ಭಾನುವಾರ ನಸುಕಿನ 5ಕ್ಕೆ ಮುಗಿದಿರುತ್ತದೆ. ಶನಿವಾರದ ಆಟ ನೋಡಲು ಹೋದವರು ಮಂಗಳ ಪದ್ಯ ಕೇಳಿ ಮನೆಗೆ ಬರುವಷ್ಟರಲ್ಲಿ ನಿಮ್ಮ ನಿಧಿಯ ತೀರ್ಮಾನವೂ ಆಗಿಹೋಗಿರುತ್ತದೆ.

ಪೂರ್ತಿ ಅವಧಿ ಕಾಯದೆ ಜಾರಿಯಾಗುವ 'ತುರ್ತು ಪ್ರಸ್ತಾವ' ಎಂಬ ಅಡ್ಡದಾರಿ ಬೇಡವೇ ಬೇಡ. 2022ರ ಏಪ್ರಿಲ್‌ನಲ್ಲಿ ಬೀನ್‌ಸ್ಟಾಕ್ ಎಂಬ ಕ್ರಿಪ್ಟೊ ಯೋಜನೆ ಮುಳುಗಿದ್ದು ಆ ದಾರಿಯಲ್ಲೇ. ಒಂದೇ ವಹಿವಾಟಿನೊಳಗೆ ಪಡೆದು ತೀರಿಸುವ ಫ್ಲ್ಯಾಶ್ ಸಾಲದಿಂದ ಒಬ್ಬ ಮೂರನೇ ಎರಡಕ್ಕಿಂತ ಹೆಚ್ಚು ಮತ ಗಳಿಸಿದ, ಅದೇ ಉಸಿರಿನಲ್ಲಿ ಪ್ರಸ್ತಾವ ಜಾರಿ ಮಾಡಿ ನಿಧಿ ಬಳಿದುಕೊಂಡ. ನಷ್ಟ ಸುಮಾರು 18 ಕೋಟಿ ಡಾಲರ್. ಮತಬಲವನ್ನು ಹಿಂದಿನ ಬ್ಲಾಕ್‌ನ ಲೆಕ್ಕದಿಂದ ಹಿಡಿದು, ಜಾರಿಗೆ ಮುಂಚೆ ಟೈಮ್‌ಲಾಕ್ ಇಟ್ಟಿದ್ದರೆ ಆ ಸಾಲ ಕೆಲಸಕ್ಕೆ ಬರುತ್ತಿರಲಿಲ್ಲ. ಹಾಗೆಂದು ನಿಲ್ಲಿಸುವ ಗುಂಡಿಯೇ ಇಲ್ಲದಿದ್ದರೂ ಕಷ್ಟ. 2021ರಲ್ಲಿ ಕಾಂಪೌಂಡ್ ಎಂಬ ಕ್ರಿಪ್ಟೊ ಸಾಲದ ಯೋಜನೆಯ 62ನೇ ಪ್ರಸ್ತಾವದ ದೋಷದಿಂದ ಟೋಕನ್‌ಗಳು ಬೇಕಾಬಿಟ್ಟಿ ಹಂಚಿಹೋಗುವುದು ಎಲ್ಲರಿಗೂ ಕಾಣುತ್ತಿತ್ತು, ಆದರೆ ತಿದ್ದುಪಡಿಗೂ ಏಳು ದಿನದ ಮತಪ್ರಕ್ರಿಯೆ ಕಾಯಬೇಕಿತ್ತು. ಐವರಲ್ಲಿ ಮೂವರು ಸಹಿ ಹಾಕಿದರೆ ವಹಿವಾಟು ನಿಲ್ಲುವಂಥ ಮಲ್ಟಿಸಿಗ್, ಅಂದರೆ ಹಲವರ ಸಹಿಯ ವಾಲೆಟ್ ಇರಲಿ. ಅದಕ್ಕೆ ನಿಲ್ಲಿಸುವ ಅಧಿಕಾರ ಮಾತ್ರ, ಹಣ ಮುಟ್ಟುವುದಲ್ಲ.

ಇಷ್ಟನ್ನೂ ಮೊದಲು ಸೆಪೋಲಿಯಾದಂಥ ಟೆಸ್ಟ್‌ನೆಟ್‌ನಲ್ಲಿ, ಅಂದರೆ ನಿಜವಾದ ಹಣವಿಲ್ಲದ ಪ್ರಯೋಗದ ಜಾಲದಲ್ಲಿ, ಸಲ್ಲಿಕೆಯಿಂದ ಜಾರಿವರೆಗೆ ಒಂದು ಪೂರ್ತಿ ಸುತ್ತು ಓಡಿಸಿ.

ವಾಲೆಟ್‌ನಲ್ಲಿ 500 ಟೋಕನ್ ಉಂಟು. ಮತ ಹಾಕಲು ಹೋದರೆ ಬಲ ಸೊನ್ನೆ ಎಂದು ತೋರಿಸುತ್ತದೆ. ಮೋಸವೇ? – ಸುರತ್ಕಲ್‌ನ ಓದುಗರು

ಮೋಸವಲ್ಲ, ನೀವು ಡೆಲಿಗೇಟ್ ಮಾಡಿಲ್ಲ. ಈ ಬಗೆಯ ಟೋಕನ್‌ನಲ್ಲಿ ಮತವನ್ನು ಯಾರಿಗಾದರೂ ವಹಿಸಿಕೊಡುವವರೆಗೆ ಅದು ನಿದ್ದೆಯಲ್ಲಿರುತ್ತದೆ. ನಿಮಗೆ ನೀವೇ ವಹಿಸಿಕೊಳ್ಳಬಹುದು. ಆದರೆ ಪ್ರಸ್ತಾವಕ್ಕೆ ಮತಬಲದ ಲೆಕ್ಕ ಹಿಡಿಯುವ ಬ್ಲಾಕ್ ದಾಟಿದ ಮೇಲೆ ಮಾಡಿದರೆ ಈ ಪ್ರಸ್ತಾವಕ್ಕೆ ಉಪಯೋಗವಿಲ್ಲ, ಮುಂದಿನದಕ್ಕೆ ಸಿಗುತ್ತದೆ.

ಯೋಜನೆ ನಡೆಸುವವರಿಗೂ ಇಲ್ಲೊಂದು ಎಚ್ಚರಿಕೆ. ಒಟ್ಟು 1 ಕೋಟಿ ಟೋಕನ್, ಕೋರಂ ಶೇ. 4 ಎಂದಿಟ್ಟರೆ 4 ಲಕ್ಷ ಮತ ಬೇಕು. ನಿಧಿಯಲ್ಲಿ ಮತ್ತು ಮಾರದಂತೆ ಹಾಕಿದ ಬೀಗದಲ್ಲಿ ಒಟ್ಟು 90 ಲಕ್ಷ ಕೂತಿದೆ, ಜನರ ಕೈಯಲ್ಲಿ 10 ಲಕ್ಷ, ಅದರಲ್ಲಿ ಡೆಲಿಗೇಟ್ ಆದದ್ದು 3 ಲಕ್ಷ ಎಂದಾದರೆ ಎಲ್ಲರೂ ಬಂದು ಮತ ಹಾಕಿದರೂ ಕೋರಂ ಆಗದು. ಕೋರಂ ಇಳಿಸೋಣವೆಂದರೆ ಆ ಪ್ರಸ್ತಾವಕ್ಕೂ ಕೋರಂ ಬೇಕು! ಟೋಕನ್ ಪಡೆಯುವ ಗುಂಡಿಯಲ್ಲೇ ಡೆಲಿಗೇಟ್ ಕೂಡ ಆಗುವ ಹಾಗೆ ಮಾಡಿಡಿ.

ಕರಡು ನಿಯಮ ಹಂಚಿದ ಎರಡೇ ದಿನದಲ್ಲಿ 140 ಅಭಿಪ್ರಾಯ ಬಂತು, ಅರ್ಧ ಬೈಗುಳವೇ. ಎಲ್ಲದಕ್ಕೂ ಉತ್ತರ ಕೊಡಬೇಕೇ, ನೇರ ಮತಕ್ಕೆ ಹಾಕಬಹುದೇ? – ಉಡುಪಿಯ ಓದುಗರು

ನೇರ ಮತಕ್ಕೆ ಹಾಕಿದರೆ ಏನಾಗುತ್ತದೆ ಎನ್ನುವುದಕ್ಕೆ ಇಥೀರಿಯಮ್ ಮೇಲೆ ನಡೆಯುವ ಆರ್ಬಿಟ್ರಮ್ ಎಂಬ ಜಾಲದ 2023ರ ಪ್ರಕರಣವಿದೆ. ಮೊದಲ ಪ್ರಸ್ತಾವದಲ್ಲೇ ನಿಯಮಾವಳಿ, ಸಮಿತಿ, ಫೌಂಡೇಶನ್‌ಗೆ 75 ಕೋಟಿ ಟೋಕನ್, ಎಲ್ಲ ಒಂದೇ ಕಟ್ಟಿನಲ್ಲಿತ್ತು. ಮತದಾನ ನಡೆಯುತ್ತಿರುವಾಗಲೇ 5 ಕೋಟಿ ಟೋಕನ್ ಆಗಲೇ ಬಳಕೆಗೆ ಹೋಗಿದೆ ಎಂದು ಗೊತ್ತಾಯಿತು: 4 ಕೋಟಿ ಸಾಲವಾಗಿ, 1 ಕೋಟಿ ನಗದಾಗಿ. ಇದು ಒಪ್ಪಿಗೆ ಕೇಳುವುದಲ್ಲ, ಆದದ್ದಕ್ಕೆ ಮುದ್ರೆ ಒತ್ತಿಸಿಕೊಳ್ಳುವುದು ಎಂಬ ವಿವರಣೆ ಫೌಂಡೇಶನ್‌ನಿಂದ ಬಂದದ್ದೇ ಜನ ಇನ್ನಷ್ಟು ಕೆರಳಿದರು. ಹೆಚ್ಚಿನ ಮತ ವಿರುದ್ಧ ಬಿತ್ತು. ಕೊನೆಗೆ ಪ್ರಸ್ತಾವವನ್ನು ಒಡೆದರು: ಉಳಿದ ಟೋಕನ್‌ಗಳಿಗೆ ನಾಲ್ಕು ವರ್ಷದ ಬೀಗ ಮತ್ತು ಖರ್ಚಿನ ವಿವರ ಒಂದರಲ್ಲಿ, ನಿಯಮಾವಳಿಯ ತಿದ್ದುಪಡಿ ಇನ್ನೊಂದರಲ್ಲಿ. ಮಗು ಹುಟ್ಟಿದ ಮೇಲೆ ಮದುವೆಗೆ ಅನುಮತಿ ಕೇಳಿದ ಹಾಗಾಗಿತ್ತು ಮೊದಲಿನದ್ದು.

ನಿಮ್ಮ 140ನ್ನು ಒಂದು ಶೀಟಿಗೆ ಇಳಿಸಿ ರಾಶಿ ಮಾಡಿ. ಒಂದೇ ಮಾತನ್ನು ಮೂವತ್ತು ಮಂದಿ ಹೇಳಿರುತ್ತಾರೆ, ಆದ್ದರಿಂದ ಉತ್ತರಿಸಬೇಕಾದ ವಿಷಯ ಅಷ್ಟೊಂದಿರುವುದಿಲ್ಲ. ಪ್ರತಿಯೊಂದರ ಮುಂದೆ ಒಪ್ಪಿದ್ದೇವೆ, ಒಪ್ಪಿಲ್ಲ, ಪ್ರತ್ಯೇಕ ಮತಕ್ಕೆ ಹಾಕುತ್ತೇವೆ, ಈ ಮೂರರಲ್ಲಿ ಒಂದು, ಜತೆಗೆ ಒಂದು ಸಾಲಿನ ಕಾರಣ. 'ಪರಿಶೀಲಿಸುತ್ತೇವೆ' ಎಂಬ ಸರ್ಕಾರಿ ಉತ್ತರ ಬೇಡ. ಬೈಗುಳದೊಳಗೆ ಅಂಕಿ ಇದ್ದರೆ ಅದನ್ನು ಆರಿಸಿಕೊಳ್ಳಿ. 'ತಿಂಗಳಿಗೆ 40,000 ಯಾವ ಕೆಲಸಕ್ಕೆ ಮಾರಾಯ್ರೇ' ಎಂದವನು ಕೇಳಿದ್ದು ಗೌರವಧನದ ಲೆಕ್ಕ, ಅದನ್ನು ಕೊಡಿ. ತಿದ್ದಿದ ಕರಡಿಗೆ ಹೊಸ ಸಂಖ್ಯೆ ಹಾಕಿ, ಬದಲಾದ ಸಾಲುಗಳಿಗೆ ಬಣ್ಣ ಹಚ್ಚಿ, ಮತ್ತೆ ಏಳು ದಿನ ಬಿಡಿ.

ಚೈನಿಗೆ ಏರಿಸಿದ ಮೇಲೆ ಒಂದಕ್ಷರ ತಿದ್ದಲಾಗದು. ಪ್ರಸ್ತಾವದ ಗುರುತಿನ ಸಂಖ್ಯೆ ಹುಟ್ಟುವುದರಲ್ಲಿ ಅದರ ವಿವರಣೆಯ ಪಠ್ಯವೂ ಸೇರಿರುತ್ತದೆ. ಜಾರಿ ಮಾಡುವಾಗ ಪಠ್ಯದ ಕೊನೆಗೆ ಒಂದು ಖಾಲಿ ಜಾಗ ಹೆಚ್ಚಾದರೂ 'ಅಂಥ ಪ್ರಸ್ತಾವವೇ ಇಲ್ಲ' ಎನ್ನುತ್ತದೆ. ಮೂಲ ಪಠ್ಯದ ಫೈಲನ್ನು ಹಾಗೆಯೇ ಜೋಪಾನವಾಗಿಡಿ.

ದುಡ್ಡಿದ್ದವನಿಗೇ ಹೆಚ್ಚು ಮತ ಎಂದಾದರೆ ನಮ್ಮ ಸೊಸೈಟಿಯೇ ವಾಸಿಯಲ್ಲವೇ? – ಮಂಗಳೂರು ಕದ್ರಿಯ ಓದುಗರು

ಹಲವು ಸಂದರ್ಭದಲ್ಲಿ ಹೌದು. 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕ್ಯಾಂಪ್ಕೊದಂಥ ಸಹಕಾರಿಗಳು ನಿಂತಿರುವುದು ಪಾಲು ಎಷ್ಟೇ ಇರಲಿ, ಸದಸ್ಯನಿಗೆ ಒಂದೇ ಮತ ಎಂಬ ತತ್ತ್ವದ ಮೇಲೆ. ಬ್ಲಾಕ್‌ಚೈನ್‌ಗೆ ಕಾಣುವುದು ವಾಲೆಟ್, ಮನುಷ್ಯನಲ್ಲ. ಒಬ್ಬನೇ ನೂರು ವಾಲೆಟ್ ತೆರೆದರೆ ನೂರು ಮತ. ಆದರೆ ನಿಮ್ಮಲ್ಲಿ 200 ಮಂದಿ, ಎಲ್ಲರೂ ಪರಿಚಿತರು ಎಂದಾದರೆ ಮಾರಲಾಗದ, ಇನ್ನೊಬ್ಬರಿಗೆ ವರ್ಗಾಯಿಸಲಾಗದ ಸದಸ್ಯತ್ವ ಟೋಕನ್ ತಲೆಗೊಂದು ಕೊಡಬಹುದು. ಬ್ಯಾಂಕ್ ಖಾತೆ, ಪ್ಯಾನ್ ಬೇಕಾದಾಗ ಕೋಡ್ ಸಹಾಯಕ್ಕೆ ಬರುವುದಿಲ್ಲ. ಏಳು ಮಂದಿ ಸೇರಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಮಾಡಿಕೊಳ್ಳಿ. ಇನ್ನು ಮಾರಬಲ್ಲ ಟೋಕನ್‌ನ ಲಾಭಕ್ಕೆ 2022ರ ಏಪ್ರಿಲ್‌ನಿಂದ ಶೇ. 30 ತೆರಿಗೆ ಉಂಟು, ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ.

ಮಲ್ಟಿಸಿಗ್‌ಗೆ ಸಹಿ ಹಾಕುವವಳು ನಾನು. ವಾಲೆಟ್ ಮರಳಿ ಪಡೆಯುವ 12 ಪದಗಳ ಸೀಡ್ ಫ್ರೇಸ್ ಕಾಗದದಲ್ಲಿ ಬರೆದು ಕಪಾಟಿನಲ್ಲಿಟ್ಟಿದ್ದೇನೆ, ಸಾಕೇ? – ಮಲ್ಪೆಯ ಓದುಗರು

ಮಳೆಗಾಲದ ಆಟಿ ತಿಂಗಳಲ್ಲಿ ಆ ಕಪಾಟು ತೆರೆದು ನೋಡಿ. ಸೀರೆಗೇ ಬೂಸಲು ಹಿಡಿಯುವ ಊರಿನಲ್ಲಿ ಇಂಕ್ ಪೆನ್ನಿನ ಅಕ್ಷರ ಉಳಿಯುವುದೇ? ಸ್ಟೀಲ್ ತಗಡಿನ ಮೇಲೆ ಅಕ್ಷರ ಕೊರೆದಿಡಿ. ಕೆಲಸವನ್ನು ನೀವೇ ಮಾಡಿ, ಅಂಗಡಿಗೆ ಕೊಡಬೇಡಿ, ಫೋನಿನಲ್ಲಿ ಫೋಟೊ ತೆಗೆಯಬೇಡಿ. ಐವರ ತಗಡುಗಳೂ ಒಂದೇ ಮನೆಯಲ್ಲಿ ಇರಬಾರದು. ವರ್ಷಕ್ಕೊಮ್ಮೆ ಐವರೂ ಒಂದು ಸಣ್ಣ ವಹಿವಾಟಿಗೆ ಸಹಿ ಹಾಕಿ ನೋಡಿ. ಯಾರದ್ದಾದರೂ ಕೀಲಿ ಕಳೆದಿದ್ದರೆ ಅಂದೇ ತಿಳಿಯುತ್ತದೆ, ಉಳಿದವರಲ್ಲಿ ಮೂವರು ಸೇರಿ ಅವರ ಜಾಗಕ್ಕೆ ಹೊಸ ವಾಲೆಟ್ ಸೇರಿಸಬಹುದು.